ಸರ್ಕಾರಿ ಶಾಲೆಯ ಶೌಚಾಲಯ: ಎರಡು ಸಹಿ ಬೀಳುವಂತೆ ಮಾಡುವುದು ಹೇಗೆ?

3ನೇ ಕ್ರಾಸ್ ನಿವಾಸಿ:
ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆ ಹಿಂದಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಹೆಣ್ಣುಮಕ್ಕಳ ಶೌಚಾಲಯಕ್ಕೆ ಚಿಲಕ ಇಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲುತ್ತಾಳೆ. ಮೋಟರ್ ಸುಟ್ಟಿದೆ, ಟ್ಯಾಂಕಿಗೆ ನೀರು ಏರುತ್ತಿಲ್ಲ. ನಮ್ಮ ಮನೆಗೆಲಸಕ್ಕೆ ಬರುವವರ ಮಗಳು ಅಲ್ಲೇ ಆರನೇ ಕ್ಲಾಸ್. ಶೌಚಾಲಯಕ್ಕೆ ಹೋಗಬೇಕಾಗುತ್ತದೆ ಅಂತ ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲವಂತೆ.

ದುಡ್ಡಿಲ್ಲ ಅಂತಲ್ಲ, ಅನುದಾನ ಖಾತೆಯಲ್ಲೇ ಇದೆ. ಆದರೆ ಅದು ಮುಖ್ಯ ಶಿಕ್ಷಕರು ಮತ್ತು ಎಸ್‌ಡಿಎಂಸಿ (ಪೋಷಕರೇ ಹೆಚ್ಚಾಗಿರುವ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರ ಜಂಟಿ ಖಾತೆ, ಇಬ್ಬರ ಸಹಿಯೂ ಬೇಕು. ಇಬ್ಬರಿಗೂ ಮಾತಿಲ್ಲ. ಅಧ್ಯಕ್ಷರು ತಮಗೆ ಬೇಕಾದವರಿಗೇ ಕೆಲಸ ಕೊಡಿಸಬೇಕು ಅಂತಾರೆ ಎಂದು ಮುಖ್ಯ ಶಿಕ್ಷಕರ ದೂರು. ಬಿಲ್ಲೇ ತೋರಿಸುವುದಿಲ್ಲ ಎಂದು ಅಧ್ಯಕ್ಷರ ದೂರು. ಏನು ಮಾಡೋಣ?

5ನೇ ಕ್ರಾಸ್:
ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿಗೆ) ದೂರು ಬರೆಯೋಣ. ಮುಖ್ಯ ಶಿಕ್ಷಕರನ್ನು ವರ್ಗ ಮಾಡಲಿ. ಸಹಿ ಸಂಗ್ರಹ ನಾನು ಮಾಡುತ್ತೇನೆ.

ಪಾರ್ಕ್ ರಸ್ತೆ:
ಸುಮ್ನೆ ನಾವೇ ದುಡ್ಡು ಹಾಕಿ ಮಾಡಿಸಿಬಿಡೋಣ. ಎಷ್ಟು ಆಗಬಹುದು?

1ನೇ ಮೇನ್, ನಿವೃತ್ತ ಶಿಕ್ಷಕಿ:
ಎರಡೂ ಬೇಡ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಓದಿ.

ಮುಖ್ಯ ಶಿಕ್ಷಕರು ಉತ್ತರ ಕೊಡಬೇಕಾದ್ದು ಬಿಇಒಗೆ. ಅಧ್ಯಕ್ಷರು ಉತ್ತರ ಕೊಡಬೇಕಾದ್ದು ಪೋಷಕರಿಗೆ. ಒಬ್ಬರಿಗೊಬ್ಬರು ಮೇಲಧಿಕಾರಿ ಅಲ್ಲ. ಆದರೆ ಸಮಿತಿಗೆ ಮುಖ್ಯ ಶಿಕ್ಷಕರೇ ಸದಸ್ಯ ಕಾರ್ಯದರ್ಶಿ. ನಡಾವಳಿ ಬರೆಯುವವರು ಇವರು, ಸಭೆಯ ಅಧ್ಯಕ್ಷತೆ ಅವರದ್ದು. 2001ರಲ್ಲಿ ಕರ್ನಾಟಕದಲ್ಲಿ ಎಸ್‌ಡಿಎಂಸಿ ಬಂದಾಗಿನಿಂದ ಇಬ್ಬರೂ ಸೇರಿಯೇ ಶಾಲೆ ನಡೆಸಬೇಕು ಅಂತಲೇ ಇರುವುದು.

ಇಬ್ಬರ ಕಷ್ಟವೂ ನನಗೆ ಗೊತ್ತು. ಲೆಕ್ಕ ತಪಾಸಣೆಯಲ್ಲಿ ಆಕ್ಷೇಪಣೆ ಬಂದರೆ ಇಲಾಖೆ ಹಿಡಿಯುವುದು ಮುಖ್ಯ ಶಿಕ್ಷಕರನ್ನು. ಹಾಗಾಗಿ ಅವರಿಗೆ ಪ್ರತಿ ರಸೀದಿಗೂ ಭಯ. ಅತ್ತ, ಖಾಲಿ ಚೆಕ್ ಮುಂದಿಟ್ಟು ‘ಇಲ್ಲೊಂದು ಸಹಿ ಹಾಕಿ’ ಅನ್ನುವ ಪದ್ಧತಿಯನ್ನು ಎಷ್ಟೋ ಶಾಲೆಗಳಲ್ಲಿ ನೋಡಿದ್ದೇನೆ. ಅಂಥ ಚೆಕ್‌ಗೆ ಸಹಿ ಹಾಕುವುದಿಲ್ಲ ಅಂದ ಅಧ್ಯಕ್ಷರನ್ನು ತಂಟೆಕೋರ ಅನ್ನೋಕಾಗಲ್ಲ, ಅಲ್ವಾ?

ವರ್ಗ ಮಾಡಿಸಿದರೆ ಹೊಸಬರು ಬರಬೇಕು, ಬ್ಯಾಂಕಿನಲ್ಲಿ ಸಹಿ ಬದಲಾಗಬೇಕು. ಅಲ್ಲಿಯವರೆಗೂ ಆ ಮಕ್ಕಳು ಬಾಗಿಲು ಹಿಡಿದುಕೊಂಡೇ ನಿಲ್ಲಬೇಕು. ಇನ್ನು ನಾವೇ ದುಡ್ಡು ಹಾಕಿದರೆ, ಶಾಲೆಯ ದುಡ್ಡು ಖಾತೆಯಲ್ಲೇ ಕೊಳೆಯುತ್ತದೆ, ಜಗಳವೂ ಹಾಗೇ ಉಳಿಯುತ್ತದೆ. ಸಮಗ್ರ ಶಿಕ್ಷಣ ಅನ್ನುವ ಸರ್ಕಾರಿ ಯೋಜನೆಯ ಲೆಕ್ಕದಲ್ಲಿ 100 ದಾಟಿ 250ರವರೆಗೆ ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂಪಾಯಿ ಅನುದಾನ. ಅದರಲ್ಲಿ ಕನಿಷ್ಠ ಶೇ 10ರಷ್ಟು ಸ್ವಚ್ಛತೆಗೇ ಹೋಗಬೇಕು. ಚಿಲಕ, ಮೋಟರ್‌ಗೆ ಅದು ಸಾಲದೇ?

2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ನೋಡಿ. ಸಮಿತಿಯಲ್ಲಿ ಮುಕ್ಕಾಲು ಭಾಗ ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು. ಅನುದಾನ ಹೇಗೆ ಖರ್ಚಾಗುತ್ತಿದೆ ಅಂತ ನೋಡುವುದು ಇಡೀ ಸಮಿತಿಯ ಕೆಲಸ, ಅಧ್ಯಕ್ಷರೊಬ್ಬರದ್ದಲ್ಲ. ಆ ಹೆಂಗಸರು ಸಭೆಯಲ್ಲಿ ಕೂತರೆ ಚಿಲಕದ ವಿಷಯ ಮುಂದಕ್ಕೆ ಹಾಕಲು ಯಾರಿಗೂ ಧೈರ್ಯ ಬರುವುದಿಲ್ಲ. ಅವರು ಯಾಕೆ ಬರುತ್ತಿಲ್ಲ? ಸಭೆ ಬೆಳಿಗ್ಗೆ 11ಕ್ಕೆ. ಆಗ ಅವರು ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುತ್ತಿರುತ್ತಾರೆ. ಆಮೇಲೆ ರಿಜಿಸ್ಟರ್ ಮನೆಗೇ ಬರುತ್ತದೆ, ಸಹಿ ಹಾಕುತ್ತಾರೆ.

ನಾವು ಮಾಡಬೇಕಾದ್ದು ಇದು. ಸಭೆಯ ದಿನ ಅವರಿಗೆ ಸಂಬಳ ಹಿಡಿಯದೆ ರಜೆ ಕೊಡೋಣ.

ಪಾರ್ಕ್ ರಸ್ತೆ:
ಖಂಡಿತ. ನಮ್ಮ ಮನೆಗೆ ಬರುವವರೂ ಸದಸ್ಯರು ಅಂತ ಈಗಷ್ಟೇ ಗೊತ್ತಾಯಿತು. ನಾವೂ ಸಭೆಯಲ್ಲಿ ಕೂರಬಹುದಾ?

1ನೇ ಮೇನ್, ನಿವೃತ್ತ ಶಿಕ್ಷಕಿ:
ಬೇಡ. ನಾವು ಕೂತರೆ ಅವರು ಬಾಯಿ ಬಿಡುವುದಿಲ್ಲ. ಅವರ ಪರವಾಗಿ ಮೂರು ಮಾತಿಗೆ ಮುಖ್ಯ ಶಿಕ್ಷಕರನ್ನೂ ಅಧ್ಯಕ್ಷರನ್ನೂ ಮೊದಲೇ ಒಪ್ಪಿಸಿದರೆ ಸಾಕು. ಕೊಟೇಶನ್ ಸಭೆಯಲ್ಲೇ ಓದಬೇಕು. ಯಾರಿಗೆ ಎಷ್ಟಕ್ಕೆ ಕೆಲಸ ಕೊಟ್ಟರು ಅಂತ ನಡಾವಳಿಯಲ್ಲಿ ಬರೆಯಬೇಕು. ಬಿಲ್ ಸೂಚನಾ ಫಲಕಕ್ಕೆ ಅಂಟಿಸಬೇಕು. ಆಗ ಮುಖ್ಯ ಶಿಕ್ಷಕರಿಗೆ ತಪಾಸಣೆಯ ಭಯ ಇರುವುದಿಲ್ಲ, ಅಧ್ಯಕ್ಷರಿಗೆ ಅನುಮಾನವೂ ಇರುವುದಿಲ್ಲ.

7ನೇ ಕ್ರಾಸ್:
ನನ್ನದು ಮೋಟರ್ ರಿಪೇರಿ ಅಂಗಡಿ. ಸುಟ್ಟ ಮೋಟರ್ ಬಿಚ್ಚಿ ನೋಡಿ, ವೈಂಡಿಂಗ್ ಸಾಕಾ, ಹೊಸದೇ ಬೇಕಾ ಅಂತ ಬರೆದುಕೊಡುತ್ತೇನೆ, ದುಡ್ಡು ಬೇಡ. ಕೆಲಸ ಬೇರೆಯವರಿಗೇ ಕೊಡಲಿ.

5ನೇ ಕ್ರಾಸ್:
ಸರಿ, ದೂರು ಪತ್ರ ಈಗ ಬೇಡ. ಆದರೆ ಸಭೆ ಆಗಿ 15 ದಿನದಲ್ಲಿ ಕೆಲಸ ಶುರುವಾಗದಿದ್ದರೆ ನಾನಂತೂ ಬಿಇಒ ಕಚೇರಿಗೆ ಹೋಗುವವನೇ. ಮಕ್ಕಳ ವಿಷಯದಲ್ಲಿ ಇದಕ್ಕಿಂತ ಜಾಸ್ತಿ ಕಾಯಲು ನನಗಾಗದು.

3ನೇ ಕ್ರಾಸ್ ನಿವಾಸಿ:
ಒಪ್ಪಿದೆ. ಶನಿವಾರ ಶಾಲೆ ಬೇಗ ಬಿಡುತ್ತದೆ, ಆಮೇಲೆ ಸಭೆ ಇಡಿ ಅಂತ ಕೇಳೋಣ. ನಾಳೆ ಸಂಜೆ 4.30ಕ್ಕೆ ಮುಖ್ಯ ಶಿಕ್ಷಕರನ್ನು, ಆಮೇಲೆ ಅಧ್ಯಕ್ಷರನ್ನು ಅವರ ಮನೆಯಲ್ಲೇ ನೋಡೋಣ. ಮೇಡಂ ಬರುತ್ತಾರೆ. ಇನ್ನಿಬ್ಬರು ಬೇಕು. ಶನಿವಾರ ರಜೆ ಕೊಡುವ ಮನೆಯವರು ಇಲ್ಲೇ ಹೇಳಿ.

ಪಾರ್ಕ್ ರಸ್ತೆ:
ನಾನು ಬರುತ್ತೇನೆ. ನಮ್ಮ ಮನೆಯಲ್ಲಿ ಶನಿವಾರ ರಜೆ.

7ನೇ ಕ್ರಾಸ್:
ನಾನೂ ಬರುತ್ತೇನೆ. ಮೋಟರ್ ಅಲ್ಲೇ ನೋಡಿದ ಹಾಗಾಗುತ್ತದೆ.