ದಿ ಆಫೀಸ್: ಪ್ಯಾಮ್ ಅಮ್ಮ ಬದಲಾಗಿದ್ದು ಎಡವಟ್ಟಾ?

ಪ್ರಶ್ನೆ

ಅಮೆರಿಕದ ಕಾಮಿಡಿ ಸೀರೀಸ್ 'ದಿ ಆಫೀಸ್' ಮೂರನೇ ಸಲ ನೋಡುತ್ತಿದ್ದೇನೆ. ಎರಡನೇ ಸೀಸನ್‌ನಲ್ಲಿ ರಿಸೆಪ್ಷನಿಸ್ಟ್ ಪ್ಯಾಮ್‌ಳ ಅಮ್ಮ ಆಫೀಸಿಗೆ ಬರುತ್ತಾರಲ್ಲ, ಬಂದವರೇ ಮಗಳ ಹತ್ತಿರ ಮೆಲ್ಲಗೆ "ಇವರಲ್ಲಿ ಜಿಮ್ ಯಾರೇ?" ಅಂತ ಕೇಳುತ್ತಾರೆ. ಮನೆಯಲ್ಲಿ ಪ್ಯಾಮ್ ತನ್ನ ಸಹೋದ್ಯೋಗಿ ಜಿಮ್ ಬಗ್ಗೆ ಎಷ್ಟು ಮಾತಾಡಿರಬೇಕು ಅನ್ನೋದು ಆ ಒಂದು ಮಾತಲ್ಲೇ ಗೊತ್ತಾಗುತ್ತೆ. ನನಗೆ ತುಂಬಾ ಇಷ್ಟದ ದೃಶ್ಯ. ಆದರೆ ಆರನೇ ಸೀಸನ್‌ನಲ್ಲಿ, ನಯಾಗರದಲ್ಲಿ ನಡೆಯೋ ಪ್ಯಾಮ್-ಜಿಮ್ ಮದುವೆಗೆ ಬಂದ ಅಮ್ಮನೇ ಬೇರೆ! ಮುಖ, ದನಿ ಯಾವುದೂ ಹೊಂದುವುದಿಲ್ಲ. ಇದನ್ನು ಎಡವಟ್ಟು ಅನ್ನಬಹುದಾ? ಇಂಥವು ಇನ್ನೂ ಇವೆಯಾ?

ಉತ್ತರ 1

ಸರಿಯಾಗಿ ಗಮನಿಸಿದ್ದೀರಿ. 2005ರಲ್ಲಿ ಅಮ್ಮನಾಗಿ ಬಂದವರು ನಟಿ ಶಾನನ್ ಕಾಕ್ರನ್, 2009ರ ಮದುವೆಯಲ್ಲಿ ಇರುವವರು ಲಿಂಡಾ ಪರ್ಲ್. ನಡುವೆ ನಾಲ್ಕು ವರ್ಷ. ಮೊದಲನೇ ಸೀಸನ್‌ನಲ್ಲಿ ಇದ್ದದ್ದೇ 6 ಕಂತು. ಮುಂದೆ ಇದೇ ಅಮ್ಮನ ಜೊತೆ ಆಫೀಸಿನ ಬಾಸ್ ಮೈಕಲ್ ಓಡಾಡುತ್ತಾನೆ ಅಂತ ಆಗ ಯಾರು ಊಹಿಸಿರುತ್ತಾರೆ ಹೇಳಿ? ನಾನಂತೂ ಇದನ್ನು ಎಡವಟ್ಟು ಅನ್ನಲ್ಲ. ಹಾಗೆ ನೋಡಿದರೆ ಆಫೀಸಿನ ಇನ್ನೊಬ್ಬ ಉದ್ಯೋಗಿ ಮೆರೆಡಿತ್ ಕೂಡ ಬದಲಾಗಿದ್ದಾಳೆ. ಮೊಟ್ಟಮೊದಲ ಕಂತಿನಲ್ಲಿ ಆ ಪಾತ್ರ ಮಾಡಿದ್ದು ಹೆನ್ರಿಯೆಟ್ ಮ್ಯಾಂಟಲ್, ಆಮೇಲೆ ಕೊನೆವರೆಗೂ ಕೇಟ್ ಫ್ಲಾನರಿ.

ಉತ್ತರ 2

ಒಂದು ಶಾಟ್‌ನಿಂದ ಇನ್ನೊಂದಕ್ಕೆ ಕಾಫಿ ಕಪ್ ಆಚೀಚೆ ಆಗೋದು, ಕಾಲರ್ ಮಡಚಿಕೊಳ್ಳೋದು, ಇಂಥವು ಈ ಸೀರೀಸ್‌ನಲ್ಲಿ ಕಣ್ಣಿಗೆ ರಾಚುವುದು ಕಡಿಮೆ. ಕಾರಣ ಚಿತ್ರೀಕರಣದ ರೀತಿ. ಒಂದೇ ಕ್ಯಾಮೆರಾ ಇದ್ದರೆ ಅದೇ ಮಾತನ್ನು ಈ ಕಡೆಯಿಂದೊಮ್ಮೆ, ಆ ಕಡೆಯಿಂದೊಮ್ಮೆ ತೆಗೀಬೇಕು, ಅಷ್ಟರಲ್ಲಿ ಕೈಯಲ್ಲಿದ್ದ ಪೆನ್ನು ಇನ್ನೆಲ್ಲೋ ಹೋಗಿರುತ್ತೆ. ಇಲ್ಲಿ ಸಾಮಾನ್ಯವಾಗಿ ಎರಡು ಕ್ಯಾಮೆರಾ ಹೆಗಲ ಮೇಲಿಟ್ಟು ಒಟ್ಟಿಗೇ ತೆಗೆಯುತ್ತಿದ್ದರು. ಛಾಯಾಗ್ರಾಹಕ ರಾಂಡಲ್ ಐನ್‌ಹಾರ್ನ್ ಅದಕ್ಕೂ ಮೊದಲು 'ಸರ್ವೈವರ್' ರಿಯಾಲಿಟಿ ಶೋನಲ್ಲಿ ಕೆಲಸ ಮಾಡಿದವರು. ನಡೆಯೋದನ್ನು ನಡೆದ ಹಾಗೇ ಹಿಡಿಯೋ ಅಭ್ಯಾಸ ಅಲ್ಲಿಂದಲೇ ಬಂದದ್ದು.

ನಿಜವಾಗಿ ಹುಡುಕಬೇಕಾದ್ದು ಮೂರನೇ ಸೀಸನ್‌ನ ಜಿಮ್ ಕೂದಲು. ಕೆಲವು ಕಡೆ ಅದು ವಿಗ್! ಜಿಮ್ ಪಾತ್ರ ಮಾಡಿದ ಜಾನ್ ಕ್ರಾಸಿನ್ಸ್ಕಿ ಒಂದು ಸಿನಿಮಾಕ್ಕಾಗಿ ಕೂದಲು ಕತ್ತರಿಸಬೇಕಿತ್ತು. ವಿಗ್ ಹಾಕಿದರೆ ಗೊತ್ತಾಗಿಬಿಡುತ್ತೆ ಅಂತ ನಿರ್ಮಾಪಕ ಗ್ರೆಗ್ ಡೇನಿಯಲ್ಸ್ ಒಪ್ಪಲಿಲ್ಲ. ಆ ಮಾತು ನಡೆಯುವಾಗ ಕ್ರಾಸಿನ್ಸ್ಕಿ ತಲೆ ಮೇಲೆ ವಿಗ್ಗೇ ಇತ್ತು, ಡೇನಿಯಲ್ಸ್‌ಗೆ ಗೊತ್ತೇ ಆಗಿರಲಿಲ್ಲ.

ಉತ್ತರ 3

ಜಿಮ್ ಮಳೆಯಲ್ಲಿ ಮೊಣಕಾಲೂರಿ ಪ್ಯಾಮ್‌ಳನ್ನು ಮದುವೆ ಆಗ್ತೀಯಾ ಅಂತ ಕೇಳೋ ಪೆಟ್ರೋಲ್ ಬಂಕ್ ಗೊತ್ತಲ್ವಾ, ಐದನೇ ಸೀಸನ್ ಶುರುವಿನಲ್ಲಿ? ಅದು ಬಂಕೇ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ ಒಂದು ಅಂಗಡಿಯ ಪಾರ್ಕಿಂಗ್ ಜಾಗದಲ್ಲಿ ಹಾಕಿದ ಸೆಟ್. ಸುತ್ತ ರಸ್ತೆ ಮಾಡಿ, ಹೆದ್ದಾರಿ ಥರ ಕಾಣಲಿ ಅಂತ ಕಾರುಗಳನ್ನು ಗಿರಗಿರ ಓಡಿಸಿದ್ದಾರೆ. ಮಳೆಯೂ ಯಂತ್ರದ್ದು. 52 ಸೆಕೆಂಡ್ ದೃಶ್ಯಕ್ಕೆ ಸುಮಾರು ಎರಡೂವರೆ ಲಕ್ಷ ಡಾಲರ್ ಖರ್ಚು. ಕ್ಯಾಮೆರಾ ರಸ್ತೆಯ ಆಚೆ ಕಡೆ ನಿಂತಿದೆ, ಮಾತು ಸರಿಯಾಗಿ ಕೇಳಿಸೋದೂ ಇಲ್ಲ, ಆದರೂ ನನಗೆ ಪ್ರತಿ ಸಲ ಕಣ್ಣು ತುಂಬುತ್ತೆ.

ಇನ್ನೊಂದು. ಟೈಟಲ್‌ನಲ್ಲಿ ಬರೋ, ಕಥೆ ನಡೆಯೋ ಸ್ಕ್ರಾಂಟನ್ ಊರಿನ ದೃಶ್ಯಗಳನ್ನು ಕ್ರಾಸಿನ್ಸ್ಕಿಯೇ ಅಲ್ಲಿಗೆ ಹೋಗಿ ಶೂಟ್ ಮಾಡಿಕೊಂಡು ಬಂದದ್ದು.

ಪ್ರಶ್ನೆ ಕೇಳಿದವರು

ವಿಗ್ ವಿಷಯ ನನಗೆ ಗೊತ್ತೇ ಇರಲಿಲ್ಲ! ಮೂರನೇ ಸೀಸನ್ ಮೊನ್ನೆ ತಾನೇ ಮುಗಿಸಿದ್ದೆ, ಮತ್ತೆ ಹಾಕುತ್ತೇನೆ. ಯಾವ ಕಂತಿನಿಂದ ನೋಡಿದರೆ ಕಾಣುತ್ತೆ ಅಂತ ಯಾರಾದರೂ ಹೇಳ್ತೀರಾ?