ಗಂಡ ಹೆಂಡತಿ ಇಬ್ಬರಿಗೂ ವೃತ್ತಿ ತೆರಿಗೆ ಏಕೆ? ಮನೆ ದಾನ ಕೊಟ್ಟರೆ ಬಾಡಿಗೆ ಯಾರ ಲೆಕ್ಕಕ್ಕೆ?

ಪ್ರಶ್ನೆ: ಶಿಕ್ಷಕಿ, ಧಾರವಾಡ

ನಾನು ಇಲ್ಲಿನ ಖಾಸಗಿ ಶಾಲೆಯೊಂದರಲ್ಲಿದ್ದೇನೆ, ಯಜಮಾನರು ಹುಬ್ಬಳ್ಳಿಯ ಕಂಪನಿಯೊಂದರಲ್ಲಿದ್ದಾರೆ. ಇಬ್ಬರ ಪಗಾರದಿಂದಲೂ ತಿಂಗಳಿಗೆ 200 ರೂಪಾಯಿ ವೃತ್ತಿ ತೆರಿಗೆ ಮುರಿಯುತ್ತಾರೆ. ಫೆಬ್ರವರಿಯ ಪಗಾರ ಚೀಟಿಯಲ್ಲಿ ಅದು 300 ಇತ್ತು. ಒಂದು ಕುಟುಂಬಕ್ಕೆ ಒಬ್ಬರು ಕಟ್ಟಿದರೆ ಸಾಕೆಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಹೌದೇ? ಇದಲ್ಲದೆ, ನವನಗರದಲ್ಲಿ ಬಾಡಿಗೆಗೆ ಕೊಟ್ಟಿರುವ ಮನೆಯನ್ನು ಯಜಮಾನರು ನನ್ನ ಹೆಸರಿಗೆ ದಾನಪತ್ರ ಮಾಡಬೇಕೆಂದಿದ್ದಾರೆ. ನನ್ನ ಆದಾಯ ಕಡಿಮೆಯಾದ್ದರಿಂದ ಬಾಡಿಗೆಯ ಮೇಲಿನ ತೆರಿಗೆಯೂ ಇಳಿಯುತ್ತದೆ ಎಂಬುದು ಅವರ ಲೆಕ್ಕ.

ಉತ್ತರ: ತೆರಿಗೆ ಸಲಹೆಗಾರ, ಗದಗ

ಸಹೋದ್ಯೋಗಿಯ ಮಾತಿಗೆ ಆಧಾರವಿಲ್ಲ, ಮೇಡಂ. ವೃತ್ತಿ ತೆರಿಗೆ ವ್ಯಕ್ತಿಯ ಮೇಲಿನದು, ಮನೆತನದ ಮೇಲಿನದಲ್ಲ. 1976ರ ಕರ್ನಾಟಕ ಕಾಯ್ದೆಯ ದೃಷ್ಟಿಯಲ್ಲಿ ನೀವಿಬ್ಬರೂ ಬೇರೆ ಬೇರೆ ನೌಕರರು ಮಾತ್ರ. ತಿಂಗಳ ಪಗಾರ 25,000 ರೂಪಾಯಿ ಮುಟ್ಟಿದ ಪ್ರತಿಯೊಬ್ಬರಿಂದಲೂ ಇದನ್ನು ಮುರಿದು ವಾಣಿಜ್ಯ ತೆರಿಗೆ ಇಲಾಖೆಗೆ ಕಟ್ಟುವುದು ಕೆಲಸ ಕೊಟ್ಟವರ ಹೊಣೆ. ಇದರಿಂದ ಅನುಕೂಲವೂ ಇದೆಯೆಂಬುದನ್ನು ಜನ ಮರೆಯುತ್ತಾರೆ: ತಲಾ 20,000 ದುಡಿಯುವ ದಂಪತಿಯ ಪಗಾರವನ್ನು ಯಾರೂ ಕೂಡಿಸಿ ನೋಡುವುದಿಲ್ಲವಾದ್ದರಿಂದ ಅವರಿಬ್ಬರೂ ಏನೂ ಕಟ್ಟಬೇಕಿಲ್ಲ. ಫೆಬ್ರವರಿಯ ಹೆಚ್ಚುವರಿ ನೂರು 2025ರ ಏಪ್ರಿಲ್‌ನಿಂದ ಜಾರಿಗೆ ಬಂದದ್ದು. ಅದರೊಂದಿಗೆ ವರ್ಷದ ಮೊತ್ತ 2,500 ಆಗುತ್ತದೆ. ಸಂವಿಧಾನದ 276ನೇ ವಿಧಿ ಒಬ್ಬ ವ್ಯಕ್ತಿಗೆ ಹಾಕಿರುವ ಮಿತಿಯೂ ಅಷ್ಟೇ.

ಬಾಡಿಗೆಯ ವಿಷಯದಲ್ಲಿ ಮಾತ್ರ ಯಜಮಾನರ ಲೆಕ್ಕ ನಡೆಯುವುದಿಲ್ಲ. ಗಂಡ ಹೆಂಡತಿ ಕೂಡಿ ಒಂದೇ ರಿಟರ್ನ್ ಸಲ್ಲಿಸುವ ಪದ್ಧತಿ ನಮ್ಮಲ್ಲಿಲ್ಲ. ಆದರೂ ಪ್ರತಿಫಲವಿಲ್ಲದೆ ಹೆಂಡತಿಗೆ ಕೊಟ್ಟ ಆಸ್ತಿಯಿಂದ ಬರುವ ಆದಾಯವನ್ನು ಕೇಂದ್ರದ ಆದಾಯ ತೆರಿಗೆ ಇಲಾಖೆ ಕೊಟ್ಟವನ ಆದಾಯಕ್ಕೇ ಸೇರಿಸುತ್ತದೆ.

ಉತ್ತರ: ಪತ್ರ ಬರಹಗಾರ, ಹುಬ್ಬಳ್ಳಿ

ಸಲಹೆಗಾರರು ಹೇಳಿದ್ದು ಸರಿಯಿದೆ. ಆದರೆ ರಾಜ್ಯ ಸರ್ಕಾರವು ಮದುವೆಯ ಸಂಬಂಧವನ್ನು ಗಣಿಸುವ ಒಂದು ಜಾಗ ಉಪನೋಂದಣಿ ಕಚೇರಿ. ಹೊರಗಿನವರಿಗೆ ದಾನ ಕೊಟ್ಟರೆ ಮುದ್ರಾಂಕ ಶುಲ್ಕವನ್ನು ಮನೆಯ ಬೆಲೆಯ ಮೇಲೆ ಶೇಕಡಾವಾರು ಹಾಕುತ್ತಾರೆ, ಹೆಂಡತಿಗೆ ಕೊಟ್ಟರೆ ಒಂದು ನಿಗದಿತ ಮೊತ್ತ ಮಾತ್ರ. ಸಂಬಂಧ ತೋರಿಸುವ ದಾಖಲೆಯನ್ನೂ ಇತ್ತೀಚಿನ ಉತಾರವನ್ನೂ ಜೊತೆಗಿಟ್ಟುಕೊಳ್ಳಿ. ಮನೆಯ ಮೇಲೆ ಸಾಲವಿದ್ದರೆ ಮೊದಲು ಬ್ಯಾಂಕಿನ ಒಪ್ಪಿಗೆ ಪತ್ರ ಪಡೆಯಿರಿ, ಇಲ್ಲದಿದ್ದರೆ ಬರೆದ ಪತ್ರ ಹಾಗೆಯೇ ಉಳಿಯುತ್ತದೆ.

ಮರುಪ್ರಶ್ನೆ: ಶಿಕ್ಷಕಿ, ಧಾರವಾಡ

ಇಬ್ಬರಿಗೂ ಧನ್ಯವಾದಗಳು. ಆ ಬಾಡಿಗೆಯನ್ನು ನಾನು ಠೇವಣಿ ಇಟ್ಟರೆ ಅದರ ಬಡ್ಡಿಯೂ ಅವರ ಲೆಕ್ಕಕ್ಕೇ ಹೋಗುತ್ತದೆಯೇ?

ಉತ್ತರ: ತೆರಿಗೆ ಸಲಹೆಗಾರ, ಗದಗ

ಇಲ್ಲ. ಬಾಡಿಗೆ ಅವರದು, ಬಾಡಿಗೆ ಉಳಿಸಿ ಇಟ್ಟ ಠೇವಣಿಯ ಬಡ್ಡಿ ನಿಮ್ಮದು. ಆ ಠೇವಣಿಯನ್ನು ನಿಮ್ಮ ಬೇರೆ ಹಣದೊಂದಿಗೆ ಬೆರೆಸದೆ ಪ್ರತ್ಯೇಕ ಖಾತೆಯಲ್ಲಿಟ್ಟರೆ ಮುಂದೆ ಲೆಕ್ಕ ತೋರಿಸುವುದು ಸುಲಭ.