ರಕ್ತದ ಚೀಲದ ಮೇಲೆ ‘ಮಲೇರಿಯಾ ಮುಕ್ತ’ ಎನ್ನಬಹುದೆ?

ಪ್ರಶ್ನೆ: ರಕ್ತನಿಧಿಗಾಗಿ ಕನ್ನಡ ಕೈಪಿಡಿಯೊಂದನ್ನು ತಿದ್ದುತ್ತಿದ್ದೇನೆ. ಪರೀಕ್ಷೆ ಮುಗಿದ ಚೀಲಕ್ಕೆ ‘ಮಲೇರಿಯಾ ಮುಕ್ತ’ ಎಂಬ ಚೀಟಿ ಸರಿಯೆ? ದಾನಿಗಳ ಅರ್ಜಿಯಲ್ಲಿ ‘ವಿಷಮಜ್ವರ ಬಿಟ್ಟು ಮೂರು ತಿಂಗಳಾಗಿದೆಯೆ?’ ಎಂದಿದೆ. ಇದನ್ನು ಹಾಗೇ ಉಳಿಸಬಹುದೆ?

ಉತ್ತರ: ‘ಮುಕ್ತ’ ಖಂಡಿತ ಬೇಡ. ಭಾರತದಲ್ಲಿ ದಾನವಾಗಿ ಬಂದ ಪ್ರತಿ ಚೀಲಕ್ಕೂ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಜೊತೆಗೆ ಮಲೇರಿಯಾ ಪರೀಕ್ಷೆಯೂ ಕಡ್ಡಾಯ, ನಿಜ. ಆದರೆ ಸ್ಲೈಡಿನ ದಪ್ಪ ಲೇಪದಲ್ಲಿ ಸೂಕ್ಷ್ಮದರ್ಶಕದ ನೂರು ನೋಟ ನೋಡಿದರೂ ಕಣ್ಣಿಗೆ ಬಿದ್ದಿರುವುದು ಸುಮಾರು ಕಾಲು ಮೈಕ್ರೋಲೀಟರ್ ರಕ್ತ. ಚೀಲದಲ್ಲಿರುವುದು 350 ಮಿ.ಲೀ., ಅಂದರೆ ಮೂರೂವರೆ ಲಕ್ಷ ಮೈಕ್ರೋಲೀಟರ್. ಮೈಕ್ರೋಲೀಟರಿಗೆ ಒಂದೇ ಪರಾವಲಂಬಿ ಇದ್ದರೆ ಸ್ಲೈಡಿನಲ್ಲಿ ಏನೂ ಕಾಣದಿರುವ ಸಂಭವವೇ ಹೆಚ್ಚು. ಆ ರಕ್ತ ಪಡೆದ ರೋಗಿಯ ಮೈಗೆ ಮಾತ್ರ ಲಕ್ಷಗಟ್ಟಲೆ ಏರಿರುತ್ತವೆ. ಒಂದು ಹನಿ ರಕ್ತ ಹಾಕಿ ಗೆರೆ ಮೂಡುತ್ತದೆಯೇ ಎಂದು ನೋಡುವ ಕಾರ್ಡ್ ಪರೀಕ್ಷೆಯೂ ಮೈಕ್ರೋಲೀಟರಿಗೆ ನೂರಕ್ಕಿಂತ ಕಡಿಮೆ ಇದ್ದಾಗ ನೆಚ್ಚುವಂಥದ್ದಲ್ಲ. ಫ್ರಿಜ್ಜಿನ 2–6 ಡಿಗ್ರಿ ಚಳಿಗೆ ಅವು ಸಾಯುತ್ತವೆಂಬುದೂ ಸುಳ್ಳು, ವಾರ ಕಳೆದರೂ ಬದುಕಿರಬಲ್ಲವು. ಹಾಗಾಗಿ ‘ಮಲೇರಿಯಾ ಪರಾವಲಂಬಿ ಕಂಡುಬಂದಿಲ್ಲ’ ಎಂದು ಬರೆದು, ಪಕ್ಕದಲ್ಲೇ ಸ್ಲೈಡೋ ಕಾರ್ಡೋ ನಮೂದಿಸಿ. ಕಾರ್ಡಿನದು ಇನ್ನೊಂದು ತಕರಾರು: ಫಾಲ್ಸಿಪಾರಂ ಎಂಬ ಬಗೆಯ ಮಲೇರಿಯಾ ಪರಾವಲಂಬಿಯ ಎಚ್‌ಆರ್‌ಪಿ-2 ಎಂಬ ಪ್ರೋಟೀನನ್ನು ಹಿಡಿಯುವ ಕಾರ್ಡು, ಆ ಮಲೇರಿಯಾ ಗುಣವಾದವರಲ್ಲೂ ಕೆಲವು ವಾರ ಗೆರೆ ತೋರಿಸುತ್ತದೆ. ಆದ್ದರಿಂದ ‘ಪಾಸಿಟಿವ್’ ಬಂದೊಡನೆ ‘ರೋಗವಿದೆ’ ಎಂದು ಅನುವಾದಿಸಬೇಡಿ. ಚೀಲವನ್ನು ಹೇಗೂ ಬಳಸುವಂತಿಲ್ಲ, ಅದು ಬೇರೆ ಮಾತು.

ಅಂದಹಾಗೆ, ಪತ್ರಿಕೆಗಳ ‘ಮಲೇರಿಯಾ ವೈರಸ್’ ಕೈಪಿಡಿಗೂ ನುಸುಳಿದ್ದರೆ ಹೊಡೆದುಹಾಕಿ. ಅದು ಕೆಂಪು ರಕ್ತಕಣದೊಳಗೆ ಬೆಳೆಯುವ ಏಕಕೋಶ ಜೀವಿ.

ದಾನಿಯ ಅರ್ಜಿಯೇ ಇಲ್ಲಿ ಹೆಚ್ಚು ಮುಖ್ಯ, ಪರೀಕ್ಷೆಗೆ ಸಿಗದ್ದು ಒಮ್ಮೊಮ್ಮೆ ಪ್ರಶ್ನೆಗೆ ಸಿಗುತ್ತದೆ. ‘ವಿಷಮಜ್ವರ’ ಎಂದರೆ ಎಷ್ಟೋ ಮಂದಿಗೆ ಟೈಫಾಯ್ಡ್. ‘ಮಲೇರಿಯಾ’ ಎಂದೇ ಕೇಳಿ. ಜೊತೆಗೆ ‘ನಡುಕ ಬಂದು ಜ್ವರ ಏರಿ, ಬೆವರಿ ಇಳಿದದ್ದುಂಟೆ?’ ಎಂದೂ ಕೇಳಿ. ‘ಜ್ವರ ಬಿಟ್ಟು’ ಎಂಬುದೂ ಸಾಲದು. ವೈವಾಕ್ಸ್ ಎಂಬ ಬಗೆಯ ಮಲೇರಿಯಾಕ್ಕೆ, ರಕ್ತದಲ್ಲಿರುವ ಪರಾವಲಂಬಿ ಕೊಲ್ಲುವ ಕ್ಲೋರೋಕ್ವಿನ್ ಮೂರು ದಿನ, ಯಕೃತ್ತಿನಲ್ಲಿ ಅಡಗಿದ್ದನ್ನು ಕೊಲ್ಲುವ ಪ್ರೈಮಾಕ್ವಿನ್ 14 ದಿನ. ಮೂರನೇ ದಿನಕ್ಕೇ ಜ್ವರ ಬಿಟ್ಟವರು ಉಳಿದ ಮಾತ್ರೆ ಮರೆಯುತ್ತಾರೆ, ಯಕೃತ್ತಿನಲ್ಲಿ ಅಡಗಿದ್ದು ತಿಂಗಳುಗಳ ಮೇಲೆ ಮತ್ತೆ ರಕ್ತಕ್ಕೆ ಇಳಿಯುತ್ತದೆ. ನಿಯಮದ ಮೂರು ತಿಂಗಳು ಎಣಿಸಬೇಕಾದದ್ದು ಪೂರ್ತಿ ಗುಣವಾದ ಮೇಲೆ. ‘ಮಾತ್ರೆಗಳನ್ನೆಲ್ಲ ಮುಗಿಸಿ, ಪೂರ್ತಿ ಗುಣವಾಗಿ ಮೂರು ತಿಂಗಳು ಕಳೆದಿದೆಯೆ?’ ಎಂದು ತಿದ್ದಿ.

ಚಿಕಿತ್ಸೆಯ ಅಧ್ಯಾಯದಲ್ಲಿ ‘ಮರುಕಳಿಸದಂತೆ ಪ್ರೈಮಾಕ್ವಿನ್’ ಎಂಬ ಮಾತಿದ್ದರೆ, ಅದು ಸೊಳ್ಳೆಯಿಂದ ಬಂದ ವೈವಾಕ್ಸ್‌ಗೆ ಎಂದು ಸೇರಿಸಿ. ರಕ್ತ ಏರಿಸಿದ್ದರಿಂದ ಬಂದದ್ದು ಯಕೃತ್ತಿನಲ್ಲಿ ಅಡಗುವುದಿಲ್ಲ, ಆ 14 ದಿನದ ಮಾತ್ರೆ ಅಲ್ಲಿ ಬೇಕಿಲ್ಲ.